ಚೆನ್ನೈಗೆ ಹೊರಟ ಮೇಲ್ಮನವಿ

ಶೇಂಗಾ ಬಳ್ಳಿಯಿಂದ ಕಾಯಿ ಬಿಡಿಸುವ ಆ ಮಿಷನ್ನು ನನ್ನ ಗಂಡನದು. ಚಳ್ಳಕೆರೆಯ ನಮ್ಮ ವರ್ಕ್‌ಶಾಪಿನಲ್ಲಿ ಅವರು ಅದನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ಪೇಟೆಂಟ್ ಅರ್ಜಿ ತಿರಸ್ಕೃತವಾಯಿತು. ಯಾವುದೋ ಕಂಪನಿ ತಕರಾರು ಹಾಕಿ, ಅರ್ಜಿಗಿಂತ ಮೊದಲೇ ಮಿಷನ್ ಬಳಕೆಯಲ್ಲಿತ್ತು ಎನ್ನಲು ಒಂದು ವಿಡಿಯೊ ತೋರಿಸಿತ್ತು. ಮೂರು ತಿಂಗಳೊಳಗೆ ಮೇಲ್ಮನವಿ ಹಾಕದಿದ್ದರೆ ಅದನ್ನು ಯಾರು ಬೇಕಾದರೂ ಮಾಡಿ ಮಾರಬಹುದು.

ಅದರಲ್ಲಿ ಅರ್ಧ ಕಾಲವನ್ನು ನಾವು ಬೆಂಗಳೂರಿನ ದಾರಿಯಲ್ಲೇ ಕಳೆದೆವು. ನಮಗೆ ಹೈಕೋರ್ಟ್ ಎಂದರೆ ಬೆಂಗಳೂರು, ಇದರಲ್ಲಿ ಕೇಳುವುದೇನಿದೆ ಎಂದು ನಮ್ಮೂರಿನ ವಕೀಲರೂ ಅಂದಿದ್ದರು. ಬೆಂಗಳೂರಿನ ವಕೀಲೆ ಆದೇಶ ಓದಿ, ಇಲ್ಲಿ ಆಗದೆಂದು ತಲೆಯಾಡಿಸಿದರು.

“ಇದನ್ನು ಕೊಟ್ಟಿದ್ದು ಚೆನ್ನೈನ ಪೇಟೆಂಟ್ ಕಚೇರಿ. ಮೊದಲಾದರೆ ಇಂಥ ಮೇಲ್ಮನವಿಗೆ ಬೇರೆ ಮಂಡಳಿ ಇತ್ತು, ಅದನ್ನು ಮುಚ್ಚಿದರು. ಈಗ ಆ ಕಚೇರಿ ಯಾವ ಹೈಕೋರ್ಟಿನ ವ್ಯಾಪ್ತಿಯಲ್ಲಿದೆಯೋ ಅಲ್ಲಿಗೇ ಹೋಗಬೇಕು. ಮದ್ರಾಸ್ ಹೈಕೋರ್ಟಿಗೆ.”

ನನಗೆ ಮೈಯೆಲ್ಲ ಉರಿಯಿತು. ಮಿಷನ್ ಇಲ್ಲಿಯದು, ಹೊಲ ಇಲ್ಲಿಯದು, ನ್ಯಾಯ ಮಾತ್ರ ಚೆನ್ನೈನಲ್ಲಿ! “ಸಬರ್ ಕರೋ,” ತಾಳಿಕೋ ಎಂದರು ಗಂಡ. ಅವರು ತಾಳಿಕೊಂಡಷ್ಟೂ ನನ್ನ ಸಿಟ್ಟು ಏರುತ್ತದೆ.

ವಕೀಲೆ ಒಂದು ದಾರಿ ತೋರಿಸಿದರು. ಅರ್ಜಿಯ ಹಿಂದಿನ ಒಂದು ವರ್ಷದೊಳಗೆ, ಬರೀ ಪರೀಕ್ಷೆಗೆಂದು, ಬೇರೆ ಉಪಾಯವಿಲ್ಲದೆ ನಾಲ್ಕು ಜನರೆದುರು ಓಡಿಸಿದ್ದರೆ ಕಾನೂನು ಅದನ್ನು ತಪ್ಪೆಂದು ಎಣಿಸುವುದಿಲ್ಲ. ಹೊಲದ ಮಿಷನ್ನನ್ನು ಹೊಲದಲ್ಲಲ್ಲದೆ ಅಡುಗೆಮನೆಯಲ್ಲಿ ಓಡಿಸಿ ನೋಡುತ್ತಾರೆಯೇ? ಆದರೆ ವಿಡಿಯೊದಲ್ಲಿ ಬಿ.ಜಿ. ಕೆರೆಯ ರೈತರೊಬ್ಬರು, ಊರಿಗೆ ಹಿರಿಯರು, ಮಿಷನ್ನಿಗೆ ಹಾರ ಹಾಕಿ, “ನಮ್ಮ ಹೊಸಾ ಮಿಷನ್, ನಾನೇ ಕೊಂಡು ತಂದೀನಿ” ಎಂದು ಮೀಸೆ ತಿರುವಿದ್ದರು. ಬೀಗರಿಗೆ ಕಳಿಸಲೆಂದು ತೆಗೆಸಿದ ವಿಡಿಯೊ. ಮಾರಿದ ಮಿಷನ್ ಎಂದಾದರೆ ಪರೀಕ್ಷೆಯ ಮಾತು ನಿಲ್ಲುವುದಿಲ್ಲ. ಅವರು ಕೊಂಡೇ ಇರಲಿಲ್ಲ. ಅರ್ಜಿಗೆ ಮುಂಚಿನ ಸುಗ್ಗಿಯಲ್ಲಿ ಪರೀಕ್ಷೆಗೆಂದು ನಾವೇ ಅವರ ಹೊಲದಲ್ಲಿ ಬಿಟ್ಟು ಬಂದಿದ್ದೆವು. ಹಾಗೆಂದು ಅವರೇ ಅಫಿಡವಿಟ್ ಕೊಟ್ಟರೆ, ಆ ಹೊಸ ಸಾಕ್ಷ್ಯವನ್ನು ಒಪ್ಪಿಕೊಳ್ಳಿ ಎಂದು ಕೋರ್ಟನ್ನು ಕೇಳಬಹುದಿತ್ತು. ಅವರ ಮಾತೊಂದೇ ನಮಗೆ ಉಳಿದಿದ್ದ ಆಸರೆ.

ಕೇಳಲು ಹೋದಾಗ ಅವರು ಆಗದೆಂದು ಕೈ ಅಲ್ಲಾಡಿಸಿಬಿಟ್ಟರು. “ಬೀಗ್ರ ಮುಂದೆ ನಾನು ಸುಳ್ಳುಗಾರ ಆಗ್ಬೇಕೇನಮ್ಮಾ? ಮಗಳು ಆ ಮನ್ಯಾಗೆ ತಲೆ ಎತ್ತಿ ತಿರುಗಬ್ಯಾಡ್ವಾ?” ಹಾಗೆಂದವರೇ ಮತ್ತೆ ಕೇಳಿದರು, “ಯಾವ ಕೋರ್ಟು ಅಂದ್ರಿ?”

“ಚೆನ್ನೈದು.”

ಅವರ ಮುಖ ಅರಳಿತು. “ಅಲ್ಲಿ ನಮ್ಮೋರು ಯಾರೈದಾರೆ! ಹಂಗಾದ್ರೆ ಬರ್ತೀನಿ ನಡೀರಿ.” ನಾನು ಬಾಯಿತುಂಬ ಶಪಿಸಿದ್ದ ಚೆನ್ನೈಯೇ ನಮ್ಮ ಕೈ ಹಿಡಿಯಿತಲ್ಲ ಎಂದು ನಗು ಬಂತು.

ಅಫಿಡವಿಟ್ಟಿಗೆ ಸಹಿ ಹಾಕಿಸಲು ಅವರನ್ನು ಮೊಳಕಾಲ್ಮೂರಿಗೆ ಕರೆದೊಯ್ದೆವು. ಅಲ್ಲಿನ ನೋಟರಿ ಓದಿ ಹೇಳದೆ ಸಹಿ ಹಾಕಿಸುವವರಲ್ಲ. ಬೆಂಚಿನ ಮೇಲೆ ಮೂರ್ನಾಲ್ಕು ಜನ ಕಾಯುತ್ತಿದ್ದರು. ಅವರಲ್ಲೊಬ್ಬನನ್ನು ಕಂಡು ಹಿರಿಯರು ಬಾಗಿಲಲ್ಲೇ ನಿಂತುಬಿಟ್ಟರು. “ಬೀಗ್ರ ತಮ್ಮ,” ಎಂದರು ಮೆಲ್ಲಗೆ. ಅವಧಿ ಮುಗಿಯಲು ಕೆಲವೇ ದಿನ ಉಳಿದಿದ್ದವು. ಇವರು ಹಿಂದಕ್ಕೆ ತಿರುಗಿದರೆ ನಮ್ಮ ಕಥೆ ಮುಗಿದಂತೆಯೇ. ಯಾ ಅಲ್ಲಾ ಎಂದು ನಾನು ಸೆರಗು ಬಿಗಿಹಿಡಿದೆ.

ಹಿರಿಯರು ಒಳಗೆ ಬಂದು ಕೂತರು. ನೋಟರಿ ಗಟ್ಟಿಯಾಗಿ ಓದಿ ಕೇಳಿದರು, “ಮಿಷನ್ ನೀವು ಕೊಂಡಿಲ್ಲ ಅಂತ ಐತೆ. ಖರೇನಾ?”

“ಖರೇ ಸ್ವಾಮಿ. ಮಿಷನ್ ಸಾಬ್ರದು. ಕೊಂಡೀನಿ ಅಂದಿದ್ದು ನಾನು ಬೊಗಳೆ ಬಿಟ್ಟಿದ್ದು.”

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಹಿರಿಯರು ಅತ್ತ ನೋಡದೆ ಸಹಿ ಹಾಕಿದರು. ಆಮೇಲೆ ಎದ್ದು, ಬೀಗರ ತಮ್ಮನ ಮುಂದೆ ಹೋಗಿ ತಮ್ಮ ಫೋನು ಚಾಚಿದರು.

“ನಿಮ್ಮಣ್ಣಂಗೆ ಹಚ್ಚಿಕೊಡಪ್ಪಾ,” ಎಂದರು. “ನೀನು ಹೇಳಬ್ಯಾಡ. ನಾನೇ ಹೇಳ್ತೀನಿ.”