ಬೂದಿ ಹಿಡಿದು ಡಬ್ಬ ನೋಡುವ ಗಂಗಾಂಬಿಕೆ

ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಬೀದಿದೀಪಗಳಿನ್ನೂ ಆರಿಲ್ಲ. ತಗಡಿನ ಶೆಡ್ಡೊಂದರ ಹಿಂಬದಿಯ ಕೋಣೆಯಲ್ಲಿ ಗಂಗಾಂಬಿಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಂಪ್ಯೂಟರ್ ಕ್ಯಾಬಿನೆಟ್ಟೊಂದರ ಮುಂದೆ ಕೂತಿದ್ದಾರೆ. ಒಳಗೆ ಮದರ್‌ಬೋರ್ಡಿಲ್ಲ, ಕಾರ್ಡಿಲ್ಲ, ಫ್ಯಾನುಗಳು ಮಾತ್ರ. ಸ್ವಿಚ್ಚು ಒತ್ತುತ್ತಾರೆ. ಕಪ್ಪು ಡಬ್ಬ ಸಣ್ಣಗೆ ಉಸಿರೆಳೆಯತೊಡಗುತ್ತದೆ. ಜರಡಿ ಹಿಡಿದ ಬೆರಣಿ ಬೂದಿಯನ್ನು ಅಂಗೈಯಲ್ಲಿಟ್ಟು ಮುಂದಿನ ಜಾಲರಿಯ ಹತ್ತಿರ ಒಯ್ಯುತ್ತಾರೆ. ಊದುವುದು ಬೇಕಿಲ್ಲ, ಡಬ್ಬವೇ ಎಳೆದುಕೊಳ್ಳುತ್ತದೆ.

“ಈಗ ಮಾತಾಡ್ಬೇಡಿ. ತಗಡು ಒತ್ತೋ ಪ್ರೆಸ್ಸು ಶುರುವಾದ್ರೆ ಇದರ ಉಸ್ರು ಕೇಳ್ಸಲ್ಲ” ಅನ್ನುತ್ತಾರೆ, ಬಾಗಿಲಲ್ಲಿ ನಿಂತವರಿಗೆ.

ತಾವೇ ಕಂಪ್ಯೂಟರ್ ಜೋಡಿಸಿಕೊಳ್ಳುವ ಹುಚ್ಚಿನ ಹುಡುಗರಿಗಾಗಿ ಇಲ್ಲಿ ಅಗ್ಗದ ಕ್ಯಾಬಿನೆಟ್ಟು ತಯಾರಾಗುತ್ತದೆ. ಅದು ಪಾಸೋ ಫೇಲೋ ಹೇಳುವುದು ಗಂಗಾಂಬಿಕೆಯ ಕೆಲಸ. ಹೆಬ್ಬೆರಳಲ್ಲಿ ಒತ್ತಿ ತಗಡು ಬಾಗುತ್ತದಾ ನೋಡುತ್ತಾರೆ. ಪಕ್ಕದ ಗಾಜು ಗಡಗಡ ಅನ್ನುತ್ತದಾ ಕೇಳುತ್ತಾರೆ. ಕೊನೆಗೆ ಬೂದಿ ಎಲ್ಲಿ ಕೂತಿತು ಎಂದು ಟಾರ್ಚು ಬಿಡುತ್ತಾರೆ. “ಹುಡುಗ್ರು ಇರೋಬರೋದೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಸುರಿದಿರ್ತಾರೆ, ಡಬ್ಬಕ್ಕೆ ಬರೋ ಹೊತ್ಗೆ ಜೇಬು ಖಾಲಿ. ಹಂಗಂತ ಒಳಗಿರೋದು ಬೆಂದೋಗ್ಬಾರ್ದಲ್ಲ.”

ಸಿ.ಎಸ್. ಪುರದ ಕಡೆಯ ಹೆಣ್ಣು, ಗುಬ್ಬಿಗೆ ಸೊಸೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ಇಲ್ಲಿ ಕಸ ಗುಡಿಸಲು ಸೇರಿದರು. ಕತ್ತಲಲ್ಲೇ ಮೊದಲ ಬಸ್ಸು, ತುಮಕೂರಲ್ಲಿ ಇಳಿದು ಕಂಪನಿ ವ್ಯಾನು. ಗಿರಾಕಿಗಳಿಂದ ವಾಪಸು ಬಂದ ಕ್ಯಾಬಿನೆಟ್ಟು ಒರೆಸುವುದೂ ಅವರ ಪಾಲಿಗೇ ಇತ್ತು. ಧೂಳು ಪ್ರತಿ ಸಲ ಅದದೇ ಮೂಲೆಯಲ್ಲಿ ಕೂರುವುದನ್ನು ಕಂಡು, ಹೊಸ ಡಬ್ಬದಲ್ಲೇ ನೋಡಿಬಿಟ್ಟರೆ ಹೇಗೆ ಅಂತ ಮನೆಯ ಬೂದಿ ತಂದರು. ಅತ್ತೆ ಹೌಹಾರಿದರು.

“ಹಣೆಗೆ ಹಚ್ಚೋದನ್ನ ಡಬ್ಬಕ್ಕೆ ಹಾಕ್ತೀಯೇನೇ?”

“ವಿಭೂತಿ ಅಲ್ಲ ಅತ್ತೆ, ಒಲೆ ಬೂದಿ. ಹಣೆಗೆ ಹಚ್ಕೊಂಡ್ರೆ ನೀವೇ ಬೈತೀರ.” ಬೂದಿ ಹೇಳಿದ್ದು ನಿಜವಾಗುತ್ತಾ ಬಂದಂತೆ ಕಸಬರಿಗೆ ಬಿಡಿಸಿ ಪಾಸು-ಫೇಲಿನ ಕೆಲಸ ಅವರಿಗೇ ಕೊಟ್ಟರು.

ಹೋದ ಆಷಾಢದ ಒಂದು ಬೆಳಗಿನ ಸಂಗತಿಯನ್ನು ಮಾತ್ರ ಅವರು ದನಿ ತಗ್ಗಿಸಿಯೇ ಹೇಳುವುದು. ಶೆಡ್ಡಿನಲ್ಲೇ ಅತಿ ಅಗ್ಗದ ಹೊಸ ಮಾಡೆಲ್ ಬಂದಿತ್ತು. ಬೆಂಗಳೂರಿಗೆ ಹೋಗಬೇಕಾದ ಲಾರಿ ಹೊರಗೆ ನಿಂತಿತ್ತು. ಗಾಳಿ ಸರಾಗ, ಉದ್ದನೆಯ ಕಾರ್ಡಿಗೂ ಜಾಗ, ವೈರು ಅಡಗಿಸಲು ಹಿಂದೆ ಸಂದು. ಗಂಗಾಂಬಿಕೆಗೆ ಖುಷಿಯೇ ಆಗಿತ್ತು. ಟಾರ್ಚು ಬಿಟ್ಟರೆ, ಒಳಗಿನ ತಗಡಿನ ಮೇಲೆ ಬೂದಿ ಒಂದು ಅಂಗೈಯಾಗಿ ಕೂತಿದೆ. ಉಂಗುರದ ಬೆರಳು ಅರ್ಧಕ್ಕೇ ನಿಂತಿದೆ. ಒರೆಸಿದರು. ಮತ್ತೆ ಫ್ಯಾನು ಹಾಕಿದರು. ಮತ್ತೆ ಅದೇ ಕೈ.

ಸುದ್ದಿ ಹಬ್ಬಿತು. ಹಿಂದೊಮ್ಮೆ ಇಲ್ಲಿನ ಪ್ರೆಸ್ಸಿಗೆ ಬೆರಳು ಕೊಟ್ಟು ಊರು ಸೇರಿದ್ದ ರವಿಕಿರಣನ ಕೈಯೇ ಇದು ಅಂದರು.

“ಕುಣಿಗಲ್ಲಲ್ಲಿ ಚೆನ್ನಾಗವ್ನೆ ಕಣ್ರೋ. ಬದುಕಿರೋನು ದೆವ್ವ ಆಗ್ತಾನಾ?” ಎಂದರು ಗಂಗಾಂಬಿಕೆ. “ಅವನ ಅಂಗೈ ಮೊರದಗಲ. ಇದು ಚಿಕ್ಕದು.”

ಪ್ರೆಸ್ ನಡೆಸುವ ಸುಶ್ಮಿತಾ ನಗುತ್ತಾ, ತಮಾಷೆಗೆಂದು, ಗಾಜಿನ ಮೇಲೆ ತನ್ನ ಕೈಯಿಟ್ಟಳು. ಒಳಗಿನ ಬೂದಿಯ ಕೈಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಅವಳ ಬೆರಳುಗಳೆಲ್ಲ ನೆಟ್ಟಗಿದ್ದವು. ಉಂಗುರದ ಬೆರಳಿನ ತುದಿಯ ಹಿಂದೆ ಮಾತ್ರ ಬೂದಿಯಿರಲಿಲ್ಲ.

ಗಂಗಾಂಬಿಕೆ ಎದ್ದು ನೇರ ಪ್ರೆಸ್ಸಿನ ಹತ್ತಿರ ಹೋದರು. ಕೈ ಒಳಗಿದ್ದಾಗ ಪ್ರೆಸ್ಸು ಇಳಿಯದಂತೆ ತಡೆಯುವ ಕಂಬಿ ಬಾಗಿಲನ್ನು ಯಾರೋ ಮೇಲೆತ್ತಿ ತಂತಿಯಲ್ಲಿ ಬಿಗಿದಿದ್ದರು.

“ನಾನೇ ಅಕ್ಕ ಕಟ್ಟಿದ್ದು,” ಸುಶ್ಮಿತಾ ನೆಲ ನೋಡಿದಳು. “ಸ್ಪೀಡ್ ಆಗ್ಲಿ ಅಂದ್ರು ಸಾರ್.”

ಮಾಲೀಕ ಉದಯಕುಮಾರ್ ಬಂದವರು ಡಬ್ಬ ನೋಡಿ, “ಪೇಂಟಿನ ಮೇಲೆ ಕರೆಂಟ್ ನಿಂತಿರ್ತದೆ, ಬೂದಿ ಹೆಂಗೆಂಗೋ ಅಂಟ್ಕಳ್ತದೆ” ಅಂದರು.

“ಇರ್ಬೋದು ಸಾರ್. ಆ ಬಾಗ್ಲು ಇಳಿಸಿ.”

“ಇಳಿಸಿದ್ರೆ ಈ ರೇಟಿಗೆ ಡಬ್ಬ ಹುಟ್ಟಲ್ಲಮ್ಮ. ನೀನು ಡಬ್ಬ ನೋಡು, ಪ್ರೆಸ್ ನೋಡೋಕೆ ನಾನಿದೀನಿ.”

“ಡಬ್ಬಾನೇ ನೋಡ್ತಾ ಇದೀನಿ ಸಾರ್.”

ಪಾಸಾದ ಕ್ಯಾಬಿನೆಟ್ಟಿಗೆ ಅಂಟಿಸುವ ಸ್ಟಿಕ್ಕರಿನ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೇಬಿಟ್ಟರು. ನಾಳೆಯಿಂದ ಬರಬೇಡ ಅಂದರೆ ಗುಬ್ಬಿಯ ಮನೆಗೆ ಬೇರೆ ಸಂಪಾದನೆಯಿಲ್ಲ. ಅದು ಗೊತ್ತಿದ್ದೂ ಕೂತರು. ಲಾರಿ ಡ್ರೈವರ್ ಎರಡು ಸಲ ಹಾರನ್ ಹೊಡೆದ. ಉದಯಕುಮಾರ್ ಇನ್ನೊಮ್ಮೆ ಡಬ್ಬದೊಳಗೆ ಇಣುಕಿದರು, ಸುಶ್ಮಿತಾಳ ಕೈ ನೋಡಿದರು. ಆಮೇಲೆ ಕಟಿಂಗ್ ಪ್ಲೇಯರ್ ತರಿಸಿ, ತಾವೇ ತಂತಿ ಕತ್ತರಿಸಿದರು.

ಮಾಡೆಲ್ಲಿನ ಬೆಲೆ ಈಗ ಚೂರು ಏರಿದೆ. ಆದರೂ ಹುಡುಗರು ಕೊಳ್ಳುತ್ತಾರೆ. ಮತ್ಯಾವ ಡಬ್ಬದಲ್ಲೂ ಗುರುತು ಬಿದ್ದಿಲ್ಲ. ಆ ಒಂದನ್ನು ಮಾತ್ರ ಎಷ್ಟು ಒರೆಸಿದರೂ ಹೋಗಲಿಲ್ಲವೆಂದು ಗೋಣಿಚೀಲ ಹೊದಿಸಿ ಅಟ್ಟದ ಮೇಲಿಟ್ಟಿದ್ದಾರೆ. ಸುಶ್ಮಿತಾ ಆ ಕಡೆ ಕಣ್ಣೆತ್ತುವುದಿಲ್ಲ.

ಯಾರ ಕೈ ಅದು ಅಂತ ಕೇಳಿದರೆ ಗಂಗಾಂಬಿಕೆ ಮುಂದಿನ ಡಬ್ಬದ ಸ್ವಿಚ್ಚು ಒತ್ತುತ್ತಾರೆ. ನಿಮ್ಮ ಆಸೆಯೇನು ಅಂತ ಕೇಳಿದರೆ, ಅಂಗೈಯ ಬೂದಿ ಕೊಡವುತ್ತಾ ಹೇಳುತ್ತಾರೆ: “ದೊಡ್ಡದೇನಿಲ್ಲ. ನಾನು ಪಾಸ್ ಮಾಡಿದ್ ಡಬ್ಬದಲ್ಲಿ ಗಾಳಿ ಆಡ್ಲಿ, ಧೂಳು ಬೇಕಾದ್ರೆ ಕೂತ್ಕಳ್ಳಿ. ಯಾರ ಬೆರಳೂ ಅದ್ರೊಳಗೆ ಉಳ್ಕೋಬಾರ್ದು, ಅಷ್ಟೆ.”