ಪರದೆಯ ಮುಂದೆ ಮಾವ

ನನ್ನ ಸೋದರಮಾವ ಯಾರ ಮನೆಗೆ ಹೋದರೂ, ಎದುರಿಗೆ ತಂದಿಟ್ಟ ಬೆಲ್ಲ-ನೀರನ್ನು "ತೆಗೊಳ್ಳಿ" ಅನ್ನುವವರೆಗೆ ಮುಟ್ಟುತ್ತಿರಲಿಲ್ಲ. ಗಂಟಲು ಎಷ್ಟೇ ಒಣಗಿರಲಿ, ಕೈ ಎರಡೂ ಮೊಣಕಾಲಿನ ಮೇಲೆ. ನಮಗೂ ಅದನ್ನೇ ಕಲಿಸಿದ್ದರು. ಕೇಳದೆ ಬೇರೆಯವರ ಸಾಮಾನು ಮುಟ್ಟಿದರೆ ಕಣ್ಣಲ್ಲೇ ಸುಟ್ಟುಬಿಡುತ್ತಿದ್ದರು. ಅವರ ಈ ಅಭ್ಯಾಸವೇ ಒಂದು ದಿನ ನನ್ನ ಬಹುಮಾನಕ್ಕೆ ಅಡ್ಡವಾಗಿ ಕೂತೀತು ಎಂದು ನನಗೆ ಹೊಳೆಯಬೇಕಿತ್ತು. ಹೆದರುವುದರಲ್ಲಿ ನಾನೇನೂ ಕಡಿಮೆಯವಳಲ್ಲ. ಬೇರೆ ಎಲ್ಲದಕ್ಕೂ ಹೆದರಿದೆ, ಇದೊಂದು ಬಿಟ್ಟು.

ಅದು ಎಂಬತ್ತರ ದಶಕದ ನಡುಭಾಗ. ನಾನು ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದೆ. ನಮ್ಮ ಕಡೆಯ ಮನೆಗಳಲ್ಲಿ ಅಮ್ಮನ ಅಣ್ಣನೇ ಯಜಮಾನ. ಮಂಗಳೂರಿನ ಫಳ್ನೀರಿನಲ್ಲಿ ಹೋಟೆಲು ನಡೆಸುತ್ತಿದ್ದ ಮಾವನ ಮಾತಿಗೆ ಮನೆಯಲ್ಲಿ ಎದುರು ಮಾತಿರಲಿಲ್ಲ. ನನಗೆ ಮದ್ರಾಸಿಗೆ ಹೋಗಿ ಎಂ.ಟೆಕ್ ಓದುವ ಆಸೆ. ಬೊಂಬಾಯಿಯಲ್ಲಿ ಹೋಟೆಲಿದ್ದವರ ಕಡೆಯಿಂದ ಒಂದು ಸಂಬಂಧವೂ ಬಂದಿತ್ತು. ಅಮ್ಮ ಹೆದರುತ್ತಾ ನನ್ನ ಆಸೆಯನ್ನು ಮಾವನ ಕಿವಿಗೆ ಹಾಕಿದರು. ಮಾವ ಊಟ ಮಾಡುತ್ತಲೇ ತೀರ್ಪು ಕೊಟ್ಟರು. ಮನೆಯಲ್ಲಿ ನಮ್ಮದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅದೆಂತದೋ ಸ್ಪರ್ಧೆ ಉಂಟಂತಲ್ಲ? ಅದರಲ್ಲಿ ಫಸ್ಟ್ ಬಾ. ಮದ್ರಾಸಿಗೆ ನಾನೇ ಬಿಟ್ಟು ಬರ್ತೇನೆ. ಇಲ್ಲದಿದ್ರೆ ಬೊಂಬಾಯಿಯವರಿಗೆ ಬರ್ಲಿಕ್ಕೆ ಹೇಳ್ತೇನೆ."

ಅಂದಿನಿಂದ ನನಗೆ ಅನ್ನ ರುಚಿಸಲಿಲ್ಲ.

ಸ್ಪರ್ಧೆ ವಿದ್ಯಾರ್ಥಿಗಳ ಸಂಶೋಧನಾ ಪ್ರಬಂಧಗಳದ್ದು, ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದರ ಬಗ್ಗೆ ಮತ್ತು ಮನುಷ್ಯ ಆ ಯಂತ್ರದೊಂದಿಗೆ ಹೇಗೆ ವ್ಯವಹರಿಸುತ್ತಾನೆ ಎಂಬುದರ ಬಗ್ಗೆ. ಎರಡನೆಯದಕ್ಕೆ ನಮ್ಮ ಕಾಲೇಜಿನಲ್ಲಿ ಪಠ್ಯಪುಸ್ತಕವೂ ಇರಲಿಲ್ಲ. ನಾನು ಬಸ್‌ಸ್ಟ್ಯಾಂಡಿನಲ್ಲಿ ಇಡಬಹುದಾದ ಒಂದು ಪರದೆ ಮಾಡಿದ್ದೆ. ಕಪ್ಪು ಹಿನ್ನೆಲೆಯಲ್ಲಿ ಹಸಿರು ಗೆರೆಗಳ ಮಂಗಳೂರು: ನಂತೂರು, ಪಂಪ್‌ವೆಲ್, ಫಳ್ನೀರ್. ಮೂಲೆಯಲ್ಲಿ ಮಿನುಗುವ ಒಂದು ಚೌಕ. ಬಾಣದ ಗುರುತಿನ ಕೀ ಒತ್ತಿ ಚೌಕವನ್ನು ಹೋಗಬೇಕಾದ ಜಾಗಕ್ಕೆ ಒಯ್ದರೆ, ಹಿಡಿಯಬೇಕಾದ ಬಸ್ಸಿನ ನಂಬರು ಬರುತ್ತಿತ್ತು. ಊರ ಹೆಸರಿನ ಕನ್ನಡ ಅಕ್ಷರಗಳನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ತುಂಬಿ ತಯಾರಿಸಿದ್ದೆ. 'ಳ್ನೀ' ಬರೆಯುವಷ್ಟರಲ್ಲಿ ಅತ್ತುಬಿಟ್ಟಿದ್ದೆ. ಕ್ಲಾಸಿನ ಹುಡುಗರನ್ನೆಲ್ಲ ಕೂರಿಸಿ ನೋಡಿದೆ. ಕೂತದ್ದೇ ತಡ, ಪಟಪಟ ಕೀ ಒತ್ತಿ ದಾರಿ ಕಂಡುಕೊಂಡರು. ಆ ಧೈರ್ಯದಲ್ಲಿ ಪ್ರಬಂಧದ ಕೊನೆಗೆ, ಕಂಪ್ಯೂಟರನ್ನು ಎಂದೂ ಕಾಣದವರು ಕೂಡ ಯಾರೂ ಹೇಳಿಕೊಡದೆ ಇದನ್ನು ಬಳಸಬಲ್ಲರು ಎಂದು ಬರೆದೆ.

ಸ್ಪರ್ಧೆ ಊರಿನ ಹೊರಗಿನ ಒಂದು ಕಾಲೇಜಿನಲ್ಲಿ. ಮಾವ ತಮ್ಮ ಅಂಬಾಸಿಡರಿನಲ್ಲಿ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ನಾನು ಪ್ರೋಗ್ರಾಮ್ ತುಂಬಿದ್ದ ಫ್ಲಾಪಿಯ ಕವರನ್ನು ಎದೆಗೆ ಒತ್ತಿ ಹಿಡಿದಿದ್ದೆ. ಕರೆಂಟು ಹೋದರೆ? ಫ್ಲಾಪಿಗೆ ಬೂಷ್ಟು ಹಿಡಿದಿದ್ದರೆ? ನಾಲಿಗೆ ತೊದಲಿದರೆ? ಸಭಾಂಗಣದಲ್ಲಿ ಸ್ವಯಂಸೇವಕರು ಮಾವನ ಬಿಳಿ ಪಂಚೆ, ಇಸ್ತ್ರಿಯ ಅಂಗಿ, ಚಿನ್ನದ ಬಣ್ಣದ ವಾಚು ನೋಡಿ ಯಾರೋ ದೊಡ್ಡ ಅತಿಥಿ ಎಂದುಕೊಂಡು ಮುಂದಿನ ಸಾಲಿನಲ್ಲಿ ಕೂರಿಸಿದರು. ಮಾವ ಬೇಡ ಅನ್ನಲಿಲ್ಲ.

ಕರೆಂಟು ಹೋಗಲಿಲ್ಲ, ಫ್ಲಾಪಿ ಕೈಕೊಡಲಿಲ್ಲ, ನಾಲಿಗೆಯೂ ಸರಿಯಾಗಿ ಹೊರಳಿತು. ಬದುಕಿದೆ ಅಂದುಕೊಂಡೆ. ಆಗ ತೀರ್ಪುಗಾರರಲ್ಲಿ ಹಿರಿಯರೊಬ್ಬರು, ಹೊರಗಿನಿಂದ ಬಂದ ಪ್ರೊಫೆಸರು, ನನ್ನ ಪ್ರಬಂಧದ ಕೊನೆಯ ವಾಕ್ಯದ ಮೇಲೆ ಬೆರಳಿಟ್ಟರು. "ಯಾರು ಬೇಕಾದರೂ ಬಳಸಬಹುದು ಅಂತ ಬರೆದಿದ್ದೀಯಮ್ಮ. ನೋಡೋಣ. ನೀನು ಮಾತ್ರ ಬಾಯಿ ಬಿಡಬಾರದು." ಸುತ್ತ ಕಣ್ಣು ಹಾಯಿಸಿ ಮುಂದಿನ ಸಾಲಿಗೆ ಬಂದು ನಿಂತರು. "ಸಾರ್, ತಾವು ದಯವಿಟ್ಟು ಬರ್ತೀರಾ?"

ಮಾವ ಎದ್ದರು. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ವೇದಿಕೆ ಹತ್ತಿದರು. ಪ್ರೊಫೆಸರು ಕಂಪ್ಯೂಟರಿನ ಮುಂದಿನ ಕುರ್ಚಿ ತೋರಿಸಿದರು.

"ನೀವು ನಂತೂರಿನಲ್ಲಿದ್ದೀರಿ. ಫಳ್ನೀರಿಗೆ ಹೋಗ್ಬೇಕು. ಬಸ್ಸು ಯಾವುದು ಅಂತ ಇದರಲ್ಲಿ ನೋಡಿ."

ಮಾವ ಕೂತರು. ಎರಡು ಕೈಯನ್ನೂ ಮೊಣಕಾಲಿನ ಮೇಲೆ ಇಟ್ಟುಕೊಂಡರು. ಕಾದರು.

ಚೌಕ ಮಿನುಗುತ್ತಿತ್ತು. ಮಾವ ಅದನ್ನೇ ನೋಡುತ್ತಿದ್ದರು. ಒಮ್ಮೆ ಬಲಗೈ ಮೇಲೆದ್ದಿತು. ಕೈ ಹೋಗಿ ಅಂಗಿಯ ಕಾಲರ್ ಸರಿಮಾಡಿ ಮತ್ತೆ ಮೊಣಕಾಲಿಗೆ ಇಳಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾವನ ಕುತ್ತಿಗೆ ಕೆಂಪಗಾಯಿತು. ಅವರು ತಲೆ ತಿರುಗಿಸಿ ನನ್ನನ್ನು ನೋಡಿದರು. ಮನೆಯಲ್ಲಿ ಎಲ್ಲರೂ ಏನಿದ್ದರೂ ಅವರನ್ನು ಕೇಳುತ್ತಿದ್ದರು. ಅವರು ಯಾರನ್ನೂ ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ. ಆವತ್ತು ಆ ಕಣ್ಣು ನನ್ನನ್ನು ಕೇಳುತ್ತಿತ್ತು. ನಾನು ಬಾಯಿ ಬಿಡುವ ಹಾಗಿರಲಿಲ್ಲ.

ಮೊಣಕಾಲಿನ ಮೇಲಿದ್ದ ಆ ಕೈಗಳನ್ನು ನೋಡುತ್ತಿದ್ದಾಗಲೇ ನನಗೆ ಅರ್ಥವಾದದ್ದು. ನನ್ನ ಪರದೆ ಅವರಿಗೆ "ಬನ್ನಿ" ಅಂದಿರಲಿಲ್ಲ. "ಇದನ್ನು ಒತ್ತಿ" ಅಂದಿರಲಿಲ್ಲ. ಕ್ಲಾಸಿನ ಹುಡುಗರನ್ನು ಯಾರೂ ಕರೆಯಬೇಕಿರಲಿಲ್ಲ, ಅವರು ಕೈ ಹಾಕಿಯೇ ಬೆಳೆದವರು. ಎದುರಿಗೆ ಬಂದು ಕೂತವರಿಗೆ ಒಂದು ಮಾತು ಹೇಳಬೇಕು ಅನ್ನುವಷ್ಟು ಬುದ್ಧಿ, ಬೆಲ್ಲ-ನೀರಿನ ಮನೆಯಲ್ಲಿ ಹುಟ್ಟಿದ ನನಗೇ ಇರಲಿಲ್ಲ.

"ಸಾಕು ಸಾರ್, ಥ್ಯಾಂಕ್ಯೂ," ಅಂದರು ಪ್ರೊಫೆಸರು. ಮಾವ ಎದ್ದು ಸಭೆಗೆ ಕೈಮುಗಿದು ಇಳಿದರು. ಚಪ್ಪಲಿಗಾಗಿ ಸ್ವಲ್ಪ ತಡವರಿಸಿದರು. ಮೊದಲ ಬಹುಮಾನ ಪರದೆಯ ಮೇಲೆ ಪೆಟ್ಟಿಗೆಯೊಂದನ್ನು ಗಿರಗಿರ ತಿರುಗಿಸಿ ತೋರಿಸಿದ ಹುಡುಗರಿಗೆ ಹೋಯಿತು. ನನಗೆ ಎರಡನೆಯದೂ ಇಲ್ಲ, ಮೂರನೆಯದೂ ಇಲ್ಲ.

ವಾಪಸು ಬರುವಾಗ ಕಾರಿನಲ್ಲಿ ನಾವಿಬ್ಬರೇ. ಬೊಂಬಾಯಿಯವರಿಗೆ ನಾಳೆಯೇ ಫೋನು ಹೋಗುತ್ತದೆ, ಅದಕ್ಕಿಂತ ಮೊದಲು ನನಗೆ ಮಂಗಳಾರತಿ ಇದೆ ಎಂದು ಲೆಕ್ಕ ಹಾಕುತ್ತಾ ಕೂತಿದ್ದೆ. ನಂತೂರಿಗೆ ಬಂದಾಗ ಲಾರಿಗಳ ಸಾಲು ನಿಂತೇಬಿಟ್ಟಿತ್ತು. ಮಾವ ಇಂಜಿನ್ ಆಫ್ ಮಾಡಿದರು. ಇಲ್ಲಿಂದ ಫಳ್ನೀರಿಗೆ ಅವರು ಕಣ್ಣುಮುಚ್ಚಿ ಹೋಗಬಲ್ಲವರು.

"ಮಗಾ," ಅಂದರು, ಎದುರಿನ ಲಾರಿಯನ್ನೇ ನೋಡುತ್ತಾ. "ನಾನು ಫೇಲಾದೆ ಅಲ್ವಾ?"

ಆ ಸ್ವರ ನಾನು ಬಲ್ಲ ಮಾವನದ್ದಾಗಿರಲಿಲ್ಲ.

"ನನ್ನಿಂದ ನಿನ್ನ ಪ್ರೈಜು ಹೋಯ್ತು. ಬೇರೆ ಯಾರನ್ನಾದ್ರೂ ಕರೆದಿದ್ರೆ ಸಿಗ್ತಿತ್ತು. ನಾನು ಹೇಳಿದ ಮಾತು ನಾನೇ ಕೆಡಿಸಿದ ಹಾಗೆ ಆಯ್ತು. ಇನ್ನು ನಿನ್ನನ್ನು ತಡೆಯುವ ಮುಖ ನನಗಿಲ್ಲ."

ನಾನು ಸುಮ್ಮನಿದ್ದರೆ ಮದ್ರಾಸು ಕೈಗೆ ಬಂದ ಹಾಗೆಯೇ ಇತ್ತು. ಸುಮ್ಮನಿರುವ ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಸ್ಟಿಯರಿಂಗ್ ಬಿಟ್ಟ ಅವರ ಕೈಗಳು ಮತ್ತೆ ಮೊಣಕಾಲಿನ ಮೇಲೆ ಹೋಗಿ ಕೂತಿದ್ದವು, ಅದನ್ನು ನೋಡಲು ನನ್ನಿಂದ ಆಗಲಿಲ್ಲ.

"ಇಲ್ಲ ಮಾವ, ಫೇಲಾದದ್ದು ನೀವಲ್ಲ," ಅಂದೆ. "ನಾನು ಮಾಡಿದ್ದು ಸರಿ ಇರ್ಲಿಲ್ಲ. ಕೂತವರಿಗೆ ಅದು ಎಂತ ಮಾಡ್ಬೇಕು ಅಂತ ಹೇಳ್ಬೇಕಿತ್ತು. ಅದು ನನಗೆ ಗೊತ್ತೇ ಇರ್ಲಿಲ್ಲ. ಬೇರೆಯವರು ಕೂತಿದ್ರೂ ಹಾಗೇ ಆಗ್ತಿತ್ತು. ಪ್ರೈಜು ನನಗೆ ಬರುವಂಥದ್ದೇ ಅಲ್ಲ."

ಹೇಳಿ ಮುಗಿಸಿದಾಗ ನನ್ನ ಮದ್ರಾಸನ್ನು ನಾನೇ ಕೈಯಾರೆ ರಸ್ತೆಗೆ ಎಸೆದ ಹಾಗಾಯಿತು.

"ಹಾಗಾದ್ರೆ ನಿನಗೆ ಕಲೀಲಿಕ್ಕೆ ಇನ್ನೂ ಉಂಟು," ಅಂದರು ಮಾವ.

"ಉಂಟು ಮಾವ."

"ಮತ್ತೆ ಎಂತ ಮಾರಾಯ್ತಿ? ಹೋಗು."

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಎದುರಿನ ಲಾರಿ ಇನ್ನೂ ಅಲ್ಲಾಡಿರಲಿಲ್ಲ. ಆದರೂ ಮಾವ ಹಾರ್ನ್ ಹೊಡೆಯುತ್ತಲೇ ಇದ್ದರು, ನನ್ನ ಅಳು ತಮಗೆ ಕೇಳಿಸಲೇ ಇಲ್ಲ ಅನ್ನುವ ಹಾಗೆ.