ಮಾವನಿಗೆ ಕೊಟ್ಟ ಒಂದು ತುಂಡು ಗೆಣಸು

ಗೆಳೆಯರೇ, ಇಂದು ಮಧ್ಯಾಹ್ನ ಮಗಳು ಕೇಳಿದಳೆಂದು ಏರ್ ಫ್ರೈಯರಿನಲ್ಲಿ ಗೆಣಸು, ಗಜ್ಜರಿ ಬೇಯಿಸಿ, ಬೆಲ್ಲದ ಪಾಕ ಸವರಿ ಮತ್ತೈದು ನಿಮಿಷ ಇಟ್ಟೆ. ಆ ವಾಸನೆಗೆ ಮಾವ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಸಕ್ಕರೆ ಕಾಯಿಲೆಯಿಂದ ಹೋದ ತಿಂಗಳಷ್ಟೇ ಅವರ ಕಾಲಿನ ಹೆಬ್ಬೆರಳು ತೆಗೆದಿದ್ದಾರೆ.

"ಇದರಾಗ ಎಣ್ಣಿ ಇಲ್ಲಲ್ಲವಾ? ನನಗೂ ನಾಕು ಹಾಕು."

"ಎಣ್ಣಿ ಇಲ್ರಿ ಮಾವಾರ, ಆದ್ರ ಬೆಲ್ಲಾ ಐತ್ರಿ. ನಿಮಗ ಬ್ಯಾಡ್ರಿ."

ಅವರು ಪಟ್ಟಿ ಕಟ್ಟಿದ ಕಾಲು ನೋಡಿಕೊಂಡರು. "ಬೆರಳಂತೂ ಕೊಯ್ಸಿಕೊಂಡೆ. ಇನ್ನ ನಾಲಿಗೀನೂ ಕೊಯ್ಸ್ಕೋ ಅಂತೀ ಏನು?"

ಒಂದೇ ಒಂದು ಗೆಣಸಿನ ತುಂಡನ್ನು ಅವರ ಕೈಗಿಟ್ಟೆ. ಅದನ್ನು ಅಗಿಯದೆ ಬಾಯಲ್ಲೇ ಇಟ್ಟುಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಅತ್ತೆ ಬಾಗಿಲಿಗೆ ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ.

ಅತ್ತೆ ನನ್ನ ಕಡೆ ತಿರುಗಿ, "ನಾಳೆ ಇವರನ್ನ ನವಲಗುಂದದ ದವಾಖಾನಿಗೆ ನೀನ ಕರಕೊಂಡು ಹೋಗು. ಡಾಕ್ಟರ್ ಬೈದ್ರ ನೀನ ಬೈಸ್ಕೋ," ಎಂದು ಹೊರಟುಹೋದರು.

ಆಗಲಿ, ಬೈಸಿಕೊಳ್ಳುತ್ತೇನೆ. ಆದರೆ ತಪ್ಪು ಮಾಡಿದವಳು ನಾನು, ರಕ್ತ ಪರೀಕ್ಷೆಗೆ ಸೂಜಿ ಚುಚ್ಚಿಸಿಕೊಳ್ಳಬೇಕಾದವರು ಮಾವ.